ಆದ್ಯತೆಯ ನಿಯಮ

ನೌಬಾದಿನ ಸುರಂಗ ಬಾವಿಯ ಹದಿನೇಳನೆಯ ಕಂಡಿಯಲ್ಲಿ
ಲಾಡ್ಲೇಸಾಬ ಹಗ್ಗ ಬಿಟ್ಟು ಇಳಿದ.
ಮೇಲೆ ನಾನು, ಜರಡಿ, ಸ್ಪಿರಿಟ್ಟಿನ ಸೀಸೆ,
ಮಾರ್ಚಿನ ಬಿಸಿಲಿಗೆ ಕಾದ ಕೆಂಗಲ್ಲು.

ಅರ್ಧ ತಾಸಿಗೆ ಬಕೆಟ್ಟು ಮೇಲೆ ಬಂತು.
ತಳದಲ್ಲಿ ಜೋಳದ ನುಚ್ಚಿನಷ್ಟು ಬಿಳಿ,
ಬಾಗಿದ ಬೆನ್ನು, ಏಳು ಜೊತೆ ಕಾಲು,
ಕಣ್ಣಿರಬೇಕಾದ ಕಡೆ ಏನೂ ಇಲ್ಲ.
ಗುಳಿಯಲ್ಲ, ಕಲೆಯಲ್ಲ. ಬರೀ ಸಪಾಟು.

"ಇದಕ್ಕ ಏನಂತೀರಿ ನೀವು?"
ಮೊಣಕಾಲಿನ ರಾಡಿ ಒರೆಸುತ್ತ ಅಂದ:
"ಹಾಫಿಜ್ ಅಂತೀವ್ರಿ ಬಾಯರ. ನಮ್ಮಪ್ಪನೂ ಹಂಗೇ ಅಂತಿದ್ದ.
ಕಣ್ಣಿಲ್ಲದವಗ ಎಲ್ಲಾ ಬಾಯಿಪಾಠ ಇರ್ತದಲ್ಲ,
ಇದಕ್ಕೂ ನೀರು ಪೂರಾ ಬಾಯಿಪಾಠ ಅದ."

ಲೇಬಲ್ಲಿನಲ್ಲಿ ಆ ಹೆಸರಿಗೆ ಜಾಗವಿರಲಿಲ್ಲ.
ಸ್ಥಳ, ಆಳ, ನೀರಿನ ತಾಪ, ಹಿಡಿದವರು.
ಸ್ಪಿರಿಟ್ಟಿಗೆ ಕದಡದಂಥ ಕಪ್ಪು ಶಾಯಿ.

ಮೂರು ವರ್ಷ.
ಸೂಜಿಯ ಮೊನೆಯಿಂದ ಒಂದೊಂದೇ ಕಾಲು ಬಿಡಿಸಿ
ಗ್ಲಿಸರಿನ್ನಿನ ಹನಿಯಲ್ಲಿ ಮಲಗಿಸಿ
ಕೂದಲೆಳೆ ಎಣಿಸಿದೆ. ಎಡಕ್ಕೆ ಒಂಬತ್ತು, ಬಲಕ್ಕೆ ಒಂಬತ್ತು.
ಮತ್ತೊಂದರಲ್ಲಿ ಎಂಟು. ಎಂಟೇ ಇದ್ದವೋ,
ಒಂದು ನನ್ನ ಕೈಯಲ್ಲೇ ಮುರಿಯಿತೋ?
ಎಲ್ಲಿಯವರೆಗೆ ಒಂದೇ, ಎಲ್ಲಿಂದ ಬೇರೆ
ಎಂದು ಯೋಚಿಸುತ್ತಿದ್ದಾಗಲೇ ಕರೆಂಟು ಹೋಗುತ್ತಿತ್ತು.
ಕಣ್ಣು ಮುಚ್ಚಿದರೂ ತೆರೆದರೂ ಒಂದೇ ಆಗುವ ಕತ್ತಲಲ್ಲಿ
ಸೀಸೆ ಉರುಳದ ಹಾಗೆ ಕೈಯಾಡಿಸುತ್ತ ಕೂತಿರುತ್ತಿದ್ದೆ.

ಅಷ್ಟರಲ್ಲಿ ಒಂದನ್ನು ಆರಿಸಬೇಕು. ಅದಕ್ಕೆ ಕೆಂಪು ಚೀಟಿ.
ಹೆಸರು ಹೊರುವುದು ಅದೊಂದೇ,
ಉಳಿದವು ಅದರ ಹಾಗಿದ್ದರೆ ಮಾತ್ರ ಅದರವು.
ಕಾಲೊಂದೂ ಮುರಿಯದ ಒಂದು ಹೆಣ್ಣನ್ನು ಆರಿಸಿದೆ.
ಹೊಟ್ಟೆಯಡಿ ನಾಲ್ಕು ಮೊಟ್ಟೆ ಹಾಗೇ ಇದ್ದವು.

ಲಾಡ್ಲೇಸಾಬನ ಹೆಸರೇ ಇಡುವೆನೆಂದಿದ್ದೆ.
ಗಂಡಸಾದರೆ ಲ್ಯಾಟಿನ್ನಿನಲ್ಲಿ ಕೊನೆಗೊಂದು ಇಕಾರ:
ಲಾಡ್ಲೇಯಿ.
ಹೇಳಿದಾಗ ನಗಲು ಹೋಗಿ ಕೆಮ್ಮಿದ.
"ರೇಶನ್ ಕಾರ್ಡಿನ್ಯಾಗ ಲಡ್ಡೇಸಾಬ ಅಂತ ಬರದಾರ.
ನಿಮ್ಮದರಾಗರ ಸರಿ ಬರೀರಿ."

ಹೋದ ಗುರುವಾರ ಕೋಲ್ಕತ್ತದಿಂದ ಪತ್ರ.
ಜೊತೆಗೆ ಎರಡು ಪುಟದ ನಕಲು, ತೊಂಬತ್ತೊಂದು ವರ್ಷ ಹಳೆಯದು.
ಯಾವನೋ ಸರ್ವೇ ಸಾಹೇಬ, ಗಡಿಯಾಚೆಯ ಯಾವುದೋ ಬಾವಿ,
ಅರ್ಧ ಪುಟ ಬರೆದು, ಒಂದು ಒರಟು ಚಿತ್ರ ಗೀಚಿ
ತನ್ನ ಮೇಲಧಿಕಾರಿಯ ಹೆಸರಿಟ್ಟು ಹೋಗಿದ್ದಾನೆ.
ಚಿತ್ರದಲ್ಲಿ ಕೂದಲೆಳೆ ಎಣಿಸಿದೆ.
ಒಂಬತ್ತು.

ನಿಯಮ ಸರಳ: ಮೊದಲು ಇಟ್ಟದ್ದೇ ಹೆಸರು.
ಆಮೇಲಿನದು ಎಷ್ಟೇ ಚೆಂದವಿದ್ದರೂ
ಅದರ ಕೆಳಗೆ ಸಣ್ಣಕ್ಷರದಲ್ಲಿ ಬೀಳುತ್ತದೆ.
ಅಚ್ಚಾಗದ ನನ್ನದಕ್ಕೆ ಆ ಸಣ್ಣಕ್ಷರವೂ ಇಲ್ಲ.

ಪತ್ರ ಮಡಚುವಾಗ ಹುಮನಾಬಾದಿನ ಸಾಲಿ ನೆನಪಾಯಿತು.
ಒಂದನೇ ಇಯತ್ತೆ. ಹಾಜರಿ ಪುಸ್ತಕ ತೆರೆದು
ಮಾಸ್ತರರು ಪೆನ್ನು ಝಾಡಿಸಿ ಕೇಳಿದ್ದರು.
ಅವ್ವ ಹೇಳಿದಳು: "ಸಾಕವ್ವ ಅಂತ್ರಿ. ಐದನೇದು. ಐದೂ ಹೆಣ್ಣ."
ಅವರು ಒಂದು ಗಳಿಗೆ ನನ್ನನ್ನು ನೋಡಿ
ಸಾಕ್ಷಿ ಎಂದು ಬರೆದುಕೊಂಡರು.
ಡಿಗ್ರಿ, ನೌಕರಿ, ಬಾಗಿಲ ಮೇಲಿನ ಫಲಕ
ಎಲ್ಲವೂ ಆ ದಯೆಯ ಮೇಲೆ ನಿಂತಿವೆ.
ನಿಯಮದ ಪ್ರಕಾರ ನಾನು ಈಗಲೂ ಸಾಕವ್ವ,
ಸಾಕ್ಷಿ ಅದರ ಕೆಳಗಿನ ಸಣ್ಣಕ್ಷರ.
ಅವ್ವ ಫೋನಿನಲ್ಲಿ ಕರೆಯುವುದೂ ಹಾಗೇ.
ಅವಳ ಬಾಯಲ್ಲಿ ಅದಕ್ಕೆ ಅರ್ಥವೇ ಉಳಿದಿಲ್ಲ,
ನಾನೊಬ್ಬಳೇ ಉಳಿದಿದ್ದೇನೆ.

ಕೆಂಪು ಚೀಟಿ ಕಿತ್ತೆ. ಸೀಸೆ ಕಪಾಟಿಗೆ ಹೋಯಿತು.
ನೌಬಾದಿಗೆ ಹೋಗಿ ಹೇಳಬೇಕಾಯಿತು.

ಲಾಡ್ಲೇಸಾಬ ಕಂಡಿಯ ಕಟ್ಟೆಯ ಮೇಲೆ ಕೂತು
ಪೂರಾ ಕೇಳಿದ. ಬೀಡಿ ಆರಿಸಿದ.
"ಆ ಸಾಹೇಬ ತಾನೇ ಇಳದಿದ್ದನೇನ್ರಿ ಕೆಳಗ?"
ಇಲ್ಲದಿರಬಹುದು ಅಂದೆ. ಬರೆದಿಲ್ಲ.
"ಹಂಗಾದರ ಇಳದಾವ ಒಬ್ಬ ಇದ್ದಾನ," ಅಂದ,
"ಬಕೆಟ್ಟು ಮ್ಯಾಲ ಕಳಸೂ ಮುಂದ
ಅಂವ ಇದಕ್ಕ ಏನರ ಅಂದಿರ್ತಾನ."