ಆಲ್ಟರೇಶನ್

ಕೌಲ್‌ಬಜಾರಿನ ಎರಡನೇ ಮಹಡಿ. ಕೆಳಗೆ
ನಲವತ್ತು ಮಿಷಿನ್ನು ಜೀನ್ಸ್ ಹೊಲಿಯುವ ಸದ್ದು.
ಮೇಲೆ ನಾನು, ಹಳೇ ಲ್ಯಾಪ್‌ಟಾಪು,
ನೀರು ಮುಗಿದು ಬಿಸಿಗಾಳಿ ಊದುವ ಕೂಲರು.
ಇಪ್ಪತ್ತೆಂಟರಿಂದ ನಲವತ್ತರ ತನಕ ಸೊಂಟದಳತೆ,
ಯಾವ ಬಂಡಲಿನಲ್ಲಿ ಎಷ್ಟು ಪೀಸು,
ಜಿಪ್ ಕೂರಿಸಿದವರಿಗೆಷ್ಟು, ಕಾಜಾ ಹಾಕಿದವರಿಗೆಷ್ಟು,
ಆ ಲೆಕ್ಕದ ಪ್ರೋಗ್ರಾಮು ಬರೆಯಬೇಕು ನಾನು.
ಬರೆಯುವುದಕ್ಕೆ ಮೊದಲು ಬರೆಯುವ ಜಾಗ ಬೇಕು.

ಬರಿಗೈಲಿ ತೆರೆದರೆ ಎಡಿಟರು
ಏನೂ ಹೇಳದ ಕಪ್ಪು ಹಲಗೆ.
ಹೊರಬರುವ ದಾರಿ ತಿಳಿಯದೆ
ಮೊದಲ ದಿನ ಸ್ವಿಚ್ಚೇ ಆರಿಸಿದ್ದೆ.
ಆಮೇಲೆ ಯಾರೋ ಪುಣ್ಯಾತ್ಮ ಕಟ್ಟಿಟ್ಟ
ಆರಂಭದ ಫೈಲೊಂದನ್ನು ಇಳಿಸಿಕೊಂಡೆ.
ಆರುನೂರ ಹನ್ನೆರಡು ಸಾಲು,
ಅರ್ಧಕ್ಕರ್ಧ ಟಿಪ್ಪಣಿ, ಪಕ್ಕದಲ್ಲೇ ಕೂತು
ಹೇಳಿಕೊಟ್ಟ ಹಾಗೆ: ಇದು ಇದಕ್ಕಾಗಿ,
ಬೇಡವಾದರೆ ತೆಗೆ, ಮೊದಲು ಪೂರ್ತಿ ಓದು.

ನಾನು ಓದಲಿಲ್ಲ.
ಬಾಡಿಗೆ ಮನೆಗೆ ಬಂದವಳು ಸುಣ್ಣಕ್ಕೆ ಕೈ ಹಾಕಿದ ಹಾಗೆ
ಮೊದಲು ಬಣ್ಣ ಬದಲಿಸಿದೆ. ಅವರದು ನೀಲಿ.
ನೀಲಿ ಯಾಕೆ ಬೇಕು ನನಗೆ?
ಉಗುರಿನ ಸಂದಿಯಲ್ಲಿ ನೀಲಿ, ಊಟದ ಡಬ್ಬಿಯ ಅಂಚಲ್ಲಿ ನೀಲಿ,
ವಾಷಿಂಗ್ ಯೂನಿಟ್ಟಿನ ಮೋರಿಯೂ ನೀಲಿ.
ಕುದಿಸಿದ ಶೇಂಗಾ ಸಿಪ್ಪೆಯ ಬಣ್ಣ ಹುಡುಕಿ ಹಾಕಿದೆ.
ಸಾಲಿನ ನಂಬರು ಕಾಣಲಿ ಅಂದೆ, ಕಂಡವು.
ನಾಲ್ಕು ಅಂತರ ಸರಿಯುತ್ತಿದ್ದ ಟ್ಯಾಬು
ಎರಡಕ್ಕೆ ನಿಂತಿತು, ಮಡಿಚಿ ಹೊಲಿದ ಪಾದದಂಚಿನಂತೆ.
ಎಲ್ಲ ಅಪ್ಪಣೆಗೂ ಮುಂಚೆ ಹೆಬ್ಬೆರಳು ಸ್ಪೇಸ್ ಬಾರ್ ತಟ್ಟಬೇಕು,
ಬಾಗಿಲು ತಟ್ಟಿ ಒಳಗೆ ಬರುವವರ ಹಾಗೆ.
ಅದನ್ನು ಹಾಗೇ ಬಿಟ್ಟೆ. ಹಿಡಿಸಿತು.

ಮೇಲುಗಡೆ ಊರ ಹೆಸರಿರಲಿ ಎಂದು ಬರೆದೆ: ಬಳ್ಳಾರಿ.
ಇಲ್ಲಿ ಎಲ್ಲ ಅಕ್ಷರಕ್ಕೂ ಒಂದೇ ಅಗಲದ ಖಾನೆ.
ಒತ್ತಕ್ಷರ ಹಿಡಿಸದೆ ಹೊರಗೆ ಬಿತ್ತು,
ಬಳ್ ಒಂದು ಕಡೆ, ಳಾರಿ ಒಂದು ಕಡೆ,
ನಡುವೆ ಮಿನುಗುತ್ತ ನಿಂತ ಕರ್ಸರು
ಯಾರ ಪರ ಮಾತಾಡಲೂ ತಿಳಿಯದ ಪಂಚನ ಹಾಗೆ.
ಮೂರು ಫಾಂಟು ಹಾಕಿ ನೋಡಿದೆ. ಕೂಡಲಿಲ್ಲ.

ಎರ್ರಿಸ್ವಾಮಿ ಮಾಸ್ತರು ಚಹಾ ಹಿಡಿದು ಬಂದರು,
ಕೊರಳಲ್ಲಿ ಟೇಪು, ಕಿವಿಯಲ್ಲಿ ಸೀಮೆಸುಣ್ಣ.
ಬಗ್ಗಿ ನೋಡಿದರು, ಎಷ್ಟು ತಿಳಿಯಿತೋ.
'ರೆಡಿಮೇಡ್ ತಂದು ಆಲ್ಟರ್ ಮಾಡಕತ್ತೀಯೇನವ್ವ?
ಮಾಡು. ಆದ್ರ ಯಾವ ಹೊಲಿಗಿ ಯಾಕೈತಿ
ಅಂತ ತಿಳಿಯೋತನಕ ಬಿಚ್ಚಬ್ಯಾಡ.'
ಆಗಲೇ ಬಿಚ್ಚಿದ್ದೆ ನಾನು,
ಇನ್ನೂರ ನಲವತ್ತನೆಯ ಸಾಲು,
ಮುಖ ನೋಡಿದರೆ ದಂಡಕ್ಕೆ ಕೂತಂತಿತ್ತು.

ಸಂಜೆ ಕರೆಂಟು ಹೋಗಿ ಬಂದಾಗ
ತೆರೆದರೆ ತುಂಬ ಕೆಂಪು. ಬ್ರಾಕೆಟ್ಟು ಮುಚ್ಚಿಲ್ಲ,
ಅದು ಸಿಕ್ಕಿಲ್ಲ, ಇದು ಗೊತ್ತಿಲ್ಲ,
ಮೆಣಸಿನಕಾಯಿ ಒಣಹಾಕಿದ ಕಣದ ಹಾಗೆ.
ಎದೆ ಢವಗುಡುತ್ತ ಯು ಒತ್ತಿದೆ. ಮತ್ತೊಂದು ಸಲ. ಏಳು ಸಲ.
ಸಾಲು ತನ್ನ ಜಾಗಕ್ಕೆ ತಾನೇ ಬಂದು ಕೂತಿತು.
ಮುಚ್ಚಿ ತೆರೆದರೂ ಮಾಡಿದ್ದನ್ನು ಮರೆಯಬೇಡ ಎಂದು
ನೂರ ಮೂವತ್ತೊಂದರಲ್ಲಿ ಬರೆದಿಟ್ಟಿದ್ದ ಆ ಯಾರೋ,
ನಾನು ಓದದೇ ಬಿಟ್ಟ ಕಡೆ.
ಮಾಸ್ತರಿಗೆ ಹೇಳಿದರೆ ನಂಬಲಿಲ್ಲ:
'ಬಿಚ್ಚಿದ ಮ್ಯಾಲ ಸೂಜಿ ತೂತು ಉಳೀದ ಬಟ್ಟಿ
ನಾ ಎಲ್ಲೂ ನೋಡಿಲ್ಲ.'

ಅಂದು ರಾತ್ರಿ ಕೂತು ಓದಿದೆ, ಒಂದರಿಂದ ಆರುನೂರ ಹನ್ನೆರಡು.
ಕೆಳಗೆ ಮಿಷಿನ್ನು ಒಂದೊಂದೇ ನಿಂತವು.
ತೆಗೆದದ್ದು ಬಹಳ, ಬೇರೆಯವರ ಭಾಷೆಗಳ ಸಹಾಯಕರು,
ನಾನು ಎಂದೂ ಒತ್ತದ ಕೀಲಿಗಳು.
ಉಳಿದ ಟಿಪ್ಪಣಿಗಳ ಕೆಳಗೆ ನನ್ನದೂ ಒಂದು ಸೇರಿಸಿದೆ,
ಒತ್ತು ಮುರಿದುಬಿದ್ದ ಕನ್ನಡದಲ್ಲೇ:
ಬಿಚ್ಚುವ ಮೊದಲು ಓದು.
ಟಿಪ್ಪಣಿಯ ಸಾಲನ್ನು ಯಂತ್ರ ದಾಟಿ ಹೋಗುತ್ತದೆ,
ಮುರಿದರೂ ಅದಕ್ಕೇನೂ ನೋವಿಲ್ಲ.

ಕಟಿಂಗಿನ ಮುಬೀನಾ ಹೋದ ವಾರ ಕಲಿಯಲು ಬಂದಳು.
ಪೆನ್‌ಡ್ರೈವಿಗೆ ಹಾಕಿ ಕೊಟ್ಟೆ ನನ್ನ ಫೈಲು.
'ಪೂರ್ತಿ ಓದು' ಅಂದೆ. 'ಹೂಂ ಅಕ್ಕಾ' ಅಂದಳು.
ತೆರೆದವಳೇ, ಒಂದು ಸಾಲೂ ಓದದೆ,
ಶೇಂಗಾ ಸಿಪ್ಪೆ ಒರೆಸಿ ನೀಲಿ ಹಾಕಿದಳು.