ಸ್ವಇಚ್ಛೆಯಿಂದ

ಮಾಚೇನಹಳ್ಳಿಯ ಫೌಂಡ್ರಿಯಲ್ಲಿ ಹದಿನೇಳು ವರ್ಷ
ಎರಕಕ್ಕೆ ಸುತ್ತಿಗೆ ತಾಗಿಸಿ ಕಿವಿಗೊಡುವುದು ನನ್ನ ಕೆಲಸ.
ಠಣ್ ಎಂದರೆ ಲಾರಿಗೆ.
ಠಪ್ ಎಂದರೆ ಒಳಗೆಲ್ಲೋ ಬಿರುಕು,
ಕೆಂಪು ಚಾಕಿನಲ್ಲೊಂದು ಗೀಟು.

ಅವತ್ತು ಎಚ್ಚಾರ್ ಹುಡುಗ ಕುರ್ಚಿ ಎಳೆದುಕೊಟ್ಟ,
ನೀರು ಕೊಟ್ಟ, ಪೆನ್ನನ್ನೂ ಅವನೇ ಕೊಟ್ಟ.
‘ಸ್ವಇಚ್ಛೆಯಿಂದ ಅಂತ ಬರೀರಿ ಸಾರ್, ಲೆಕ್ಕ ಬೇಗ ಚುಕ್ತಾ ಆಗುತ್ತೆ.’
ಬರೆದೆ.
ಇಚ್ಛೆಗೆ ಮಹಾಪ್ರಾಣದ ಒತ್ತು ಹಾಕಿದೆನೋ ಇಲ್ಲವೋ ಎಂದು
ಬಸ್ಸಿನುದ್ದಕ್ಕೂ ಯೋಚಿಸಿದೆ,
ಬೇರೇನೂ ಯೋಚಿಸಲಿಲ್ಲ.

ಈಗ ವಿಮೆಯವರ ಪತ್ರ.
ಮನೆಸಾಲದ ಜೊತೆಗೇ ಕಟ್ಟಿಸಿಕೊಂಡಿದ್ದರು,
ಕೆಲಸ ಹೋದರೆ ಆರು ಕಂತು ನಮ್ಮದು ಎಂದು.
‘ತಾವು ಕೆಲಸ ಕಳೆದುಕೊಂಡಿಲ್ಲ, ಬಿಟ್ಟಿದ್ದೀರಿ.’
ಕಂಪ್ಯೂಟರ್ ಬರೆದದ್ದಂತೆ, ಸಹಿ ಬೇಡವಂತೆ.
ನನ್ನದು ಮಾತ್ರ ಬೇಕಿತ್ತು.

ಸುಲೋಚನಾ ಎರಡು ಸಲ ಓದಿದಳು,
ಮಡಚಿ ಗ್ಯಾಸ್ ಬುಕ್ಕಿನೊಳಗಿಟ್ಟಳು.
‘ಹರೀಬೇಡಿ, ಮೇಲಿನವರಿಗೆ ಬರೆಯೋಕೆ ಬೇಕು.’
ಆಮೇಲೆ ಪಿಜಿ ಹುಡುಗಿಯರಿಗೆ ಅಕ್ಕಿರೊಟ್ಟಿ,
ಒಂದಕ್ಕೆ ಹನ್ನೆರಡು, ದಿನಕ್ಕೆ ನಲವತ್ತಾದರೆ
ಎಂದು ಕ್ಯಾಲೆಂಡರಿನ ಹಿಂದೆ ಗುಣಿಸತೊಡಗಿದಳು.

ರಾತ್ರಿ ಎದ್ದು ಗೋಡೆಗೆ ಬೆರಳ ಗೆಣ್ಣು ತಾಗಿಸಿದೆ.
ಅಡುಗೆಮನೆ, ಹಾಲು, ಮಗಳು ಮಲಗಿದ ಕೋಣೆ.
ಎಲ್ಲೂ ಟೊಳ್ಳಿಲ್ಲ.
‘ಇಲಿಯಾ ಅಪ್ಪಾ?’ ಎಂದಳು ನಿದ್ದೆಗಣ್ಣಲ್ಲಿ.
ಹೂಂ, ಇಲಿ.

ನಾನು ಗೀಟೆಳೆದದ್ದನ್ನು ಯಾರೂ ಎಸೆಯುತ್ತಿರಲಿಲ್ಲ,
ಒಡೆದು ಮತ್ತೆ ಕುಲುಮೆಗೆ ಹಾಕುತ್ತಿದ್ದರು.
ಇದು ಸಮಾಧಾನವೋ ಅಲ್ಲವೋ
ಕಬ್ಬಿಣವನ್ನು ಕೇಳಿದವರಿಲ್ಲ.

ಬೆಳಿಗ್ಗೆ ಹಾಳೆ ತೆಗೆದು ಶುರುಮಾಡಿದೆ:
ಮಾನ್ಯರೇ,
ಆ ಪೆನ್ನು ನನ್ನದಲ್ಲ.