ಗೋಡಿ ಈಚಿ

ಈ ಪಿಚ್ಚರ್ ನಾ ಪೂರಾ ನೋಡಿಲ್ಲ.
ಹದಿನೆಂಟು ದಿನ, ದಿನಕ್ಕ ನಾಕು ಆಟ,
ಯಾದಗಿರಿ ಸ್ಟೇಷನ್ ಹಿಂದಿನ ಟಾಕೀಜಿನ ಗೋಡಿಗಿ
ಬೆನ್ನ ಹಚ್ಚಿ ಕುಂತು ಕೇಳೀನಿ.
ಮೊದಲನೇ ಕಾರು ಕದಿಯೂದು ಹಾಡಿಗಿಂತ ಮುಂಚೆ,
ಎರಡನೇದು ವಾಡಿ ಕಡಿ ಗೂಡ್ಸ್ ಹೋಗೋ ಹೊತ್ತಿಗಿ,
ಮೂರನೇದಕ್ಕ ಗೋಡಿ ನಡಗ್ತದ,
ಬೆನ್ನಾಗಿನ ಹಳೇ ನೋವು ಎದ್ದು ಕೂಡ್ತದ.

ಒಳಗ ಅವರು ಗಾಡಿ ಕದೀತಾರ,
ಹೊರಗ ನಾ ಗಾಡಿ ಕಾಯ್ತೀನಿ.
ತಗಡಿನ ಬಿಲ್ಲಿ ಒಂದು ಹ್ಯಾಂಡಲಿಗಿ, ಒಂದು ಅವರ ಕೈಗಿ,
ಹತ್ತು ರೂಪಾಯಿ. ಚಿಲ್ಲರ ಇಲ್ಲಂದ್ರ ನಾಳಿ ಕೊಡ್ರಿ.
ಆಟ ಬಿಟ್ಟ ಮ್ಯಾಲ ಬಿಲ್ಲಿ ಸಂಗಾಟ
ಒಂದೊಂದು ಮಾತೂ ಕೊಟ್ಟು ಹೋಗ್ತಾರ.

ಜಿಲಾನಿ ಮಿಸ್ತ್ರಿ ಅಂದ:
"ಸುಳ್ಳದ ಕಾಕಾ. ಎರಡು ವಾಯರ್ ಮುಟ್ಟಿಸಿದ್ರ ಸ್ಟಾರ್ಟ್ ಆಗಲಿಕ್ಕ
ಅದೇನ್ ನಮ್ಮಪ್ಪನ ಕಾಲದ ಜೀಪಾ?
ಈಗಿನ ಚಾವಿಯೊಳಗ ಚಿಪ್ಪು ಇರ್ತದ,
ನಾಯಿ ಮಾಲಕನ ವಾಸನಿ ಹಿಡದಂಗ ಹಿಡೀತದ."
ಮರುದಿನ ಮೊದಲಾಟಕ್ಕ ಮತ್ತ ಅವನೇ.
"ಆ ನೀಲಿ ಕಾರಿಂದು ಇಂಜಿನ್ ಸಪ್ಪಳ, ಅದೊಂದು ಖರೆ ಅದ,
ಇನ್ನೊಮ್ಮಿ ಕೇಳಬೇಕು."

ಸಿದ್ರಾಮಪ್ಪ ಮಾಸ್ತರು ಹೆಲ್ಮೆಟ್ಟಿನೊಳಗಿಂದ:
"ಕಥಿ ಎಲ್ಲದ? ಕಳ್ಳಗ ಒಬ್ಬಾಕಿ ಅವ್ವ ಇದ್ದಳು,
ಇಂಟರ್ವಲ್ ಆದಮ್ಯಾಲ ಆಕಿನ್ನ ಮರತೇ ಬಿಟ್ಟಾರ."

ನರ್ಸಿಂಗ್ ಹುಡಿಗ್ಯಾರು, ಒಂದೇ ಸ್ಕೂಟಿಗಿ ಮೂವರು:
"ಆಕಿ ಯಾಕ ಗಾಡಿ ಹೊಡೀಲಿಲ್ಲ ಕಾಕಾ?
ಎರಡು ತಾಸು ಬಾಜೂಕ ಕುಂತು ಬರೇ ಚೀರಿದಳು!"
ಬಟನ್ ಒತ್ತಿ, ಕಲ್ಲು ಹಾರಿಸಿ,
ಗುರುಮಠಕಲ್ ರೋಡ್ ಹಿಡದ್ರು. ನಾ ಸರದು ದಾರಿ ಬಿಟ್ಟೆ.

ಪೊಲೀಸ್ ಸಾಬಣ್ಣಗ ಯಾರೋ ಕೆಣಕಿದ್ರು:
"ಪಿಚ್ಚರಿನ್ಯಾಗೂ ನಿಮ್ಮವರು ಕಡೀಕೇ ಬರ್ತಾರಲ್ರೀ?"
ಅವ ನಗಲಿಲ್ಲ.
"ಡೀಸೆಲ್ ಇದ್ದಿರಕ್ಕಿಲ್ಲ," ಅಂದ.

ಚಂದಮ್ಮ ನೋಡೂದು ಬರೇ ಕಡೀ ಐದು ನಿಮಿಷ,
ಕಸಬರಿಗಿ ಹಿಡದು, ಬಾಗಲ್ದಾಗ ನಿಂತು.
"ಅಯ್ಯ, ಎಷ್ಟು ಗಾಜು ಒಡೀತಾರ!
ಉಡುಗೋರು ಯಾರಂತ?"

ಹೊನ್ನಪ್ಪ ನಡಕೊಂಡೇ ಬರ್ತಾನ.
ಗಾಡಿ ಇಲ್ಲ, ಬಿಲ್ಲಿ ಇಲ್ಲ,
ಖರೆ ಆಟ ಬಿಟ್ಟಮ್ಯಾಲ ಸ್ಟ್ಯಾಂಡಿನ್ಯಾಗೇ ನಿಲ್ತಾನ.
ಒಂಬತ್ತನೇ ದಿನ ಬಾಯಿ ಬಿಟ್ಟ:
"ಹೀರೋಗ ಒಂದು ನಿಮಿಷ ಸಾಕಾತು.
ನನ್ನ ಆಟೋ ಒಯ್ಯಲಿಕ್ಕ ಫೈನಾನ್ಸಿನವರು ನಾಕು ಮಂದಿ, ಒಂದು ಕಾಗದ.
ಯಾರೂ ಸೀಟಿ ಹೊಡೀಲಿಲ್ಲ.
ಹಿಂದಿನ ಸೀಟಿನ್ಯಾಗ ಮಗಳ ಛತ್ರಿ ಅದ, ಅದರ ಕೊಡ್ರಿ ಅಂದೆ.
ಛತ್ರಿ ಕಾಗದದಾಗ ಬರದಿಲ್ಲ ಅಂದ್ರು."
ಆಮ್ಯಾಲ ಬೀಡಿ ಹಚ್ಚಿದ.
"ಪಿಚ್ಚರ್ ಚಂದದ ಬಿಡು."

ಇವತ್ತ ಕಡೀ ಆಟ. ನಾಳಿ ಬ್ಯಾರೆ ಪೋಸ್ಟರ್.
ಮ್ಯಾನೇಜರ್ ಅಂದ, ನೀನೂ ಒಮ್ಮಿ ನೋಡಪ್ಪ, ಪುಕ್ಕಟ.
ಗಾಡಿ?
"ನಾ ಕೂಡ್ತೀನಿ, ಹೋಗು," ಅಂದ ಹೊನ್ನಪ್ಪ.

ಹ್ವಾದೆ. ಹಿಂದಿನ ಸಾಲಿನ್ಯಾಗ ಕುಂತೆ.
ನೀಲಿ ಕಾರು ನಾ ತಿಳಕೊಂಡಷ್ಟು ನೀಲಿ ಇದ್ದಿಲ್ಲ.
ಹೀರೋ ಗಾಜಿನ್ಯಾಗ ಕೈ ಹಾಕ್ದ, ಮಂದಿ ಎದ್ದು ಕುಣದ್ರು,
ನನ್ನ ಕಿವಿ ಮಾತ್ರ ಗೋಡಿ ಆ ಕಡಿ:
ಹೊರಗ ಯಾವುದರ ಕಿಕ್ ಬಿತ್ತಾ?
ಯಾರರ ಸ್ಟ್ಯಾಂಡ್ ತಗದ್ರಾ?
ಇಂಟರ್ವಲ್ ಲೈಟ್ ಹತ್ತೂದ್ರಾಗ ಎದ್ದು ಬಂದೆ.

ಹೊನ್ನಪ್ಪ ಕುಂತಿದ್ದಿಲ್ಲ.
ಗಾಡಿ ನಡುವ ಓಡಾಡಿ
ಎಲ್ಲಾ ಹ್ಯಾಂಡಲ್ ಒಂದೇ ಕಡಿ ತಿರುವಿದ್ದ,
ಯಾರದೋ ಸೀಟಿನ ಮ್ಯಾಲಿನ ಹಕ್ಕಿ ಹಿಕ್ಕಿ ಒರಸ್ತಿದ್ದ.

"ನೂರಾ ಹನ್ನೆರಡು ಅವ," ಅಂದ,
"ಎಣಿಸಿಕೋ."

ಎಣಿಸಿದೆ. ಅವನ ಮುಂದೇ, ಬಟ್ಟು ಮಾಡಿ.
ಎಣಿಸಬಾರದಿತ್ತು.